ಹೊಟ್ಟೆ ಬಗೆದು ಬ್ಲೂಟೂತ್ ತುಂಬೋದು ರಿಪೇರಿ ಅಲ್ಲ

ಮೊನ್ನೆ ಮೆಣಸಿನ ಸಸಿ ತರೋಕೆ ಪಕ್ಕದ ತೋಟದ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಅವರಜ್ಜನ ಕಾಲದ ಮರ್ಫಿ ರೇಡಿಯೋ, ಪಾಲಿಶ್ ಹಾಕಿಸಿ ಮಿರಮಿರ ಮಿಂಚ್ತಿತ್ತು. "ರಿಪೇರಿ ಮಾಡಿಸ್ದೆ ಅಣ್ಣ, ಹೆಂಗಿದೆ?" ಅಂದ. ತಿರುಗಣಿ ತಿರುಗಿಸಿದರೆ ನೀಲಿ ಲೈಟು ಹತ್ತಿ ಯಾವಳೋ ಇಂಗ್ಲಿಷಲ್ಲಿ ಏನೋ ಉಲಿದಳು. ಹಿಂದಿನ ರಟ್ಟು ಬಿಚ್ಚಿ ನೋಡ್ತೀನಿ, ವಾಲ್ವ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ಅಂಗೈಯಗಲದ ಬ್ಲೂಟೂತ್ ಬೋರ್ಡು, ಎರಡು ವೈರು. ಅಷ್ಟೇ.

ಇದು ರಿಪೇರಿ ಅಲ್ಲಪ್ಪ. ಸತ್ತ ಹುಲಿಗೆ ಹುಲ್ಲು ತುಂಬಿ ನಿಲ್ಲಿಸ್ತಾರಲ್ಲ, ಅದು.

ಪೇಟೆಯಲ್ಲಿ ಕೇಳಿದ್ರೆ ಸಿದ್ಧ ಉತ್ತರ ಒಂದಿದೆ: ವಾಲ್ವ್ ಸಿಗಲ್ಲ. ಸುಳ್ಳಲ್ಲದಿದ್ರೂ ಸೋಮಾರಿತನದ ಮಾತು. ಬಹಳ ಸೆಟ್ಟುಗಳಲ್ಲಿ ಕೆಟ್ಟಿರೋದು ವಾಲ್ವೇ ಅಲ್ಲ, ಮೇಣ ಹಚ್ಚಿದ ಕಾಗದದ ಕಂಡೆನ್ಸರುಗಳು. ನಮ್ಮನೆ ಫಿಲಿಪ್ಸ್‌ನಲ್ಲಿ ಐದು ವಾಲ್ವ್. ಐದೂ ಚೆನ್ನಾಗಿದ್ವು. ಒಂದರ ಮೇಲೆ ಬಿಇಎಲ್ ಗುರುತು, ನಮ್ಮ ಬೆಂಗಳೂರಿನ ಜಾಲಹಳ್ಳಿಯದು. 1961ರಿಂದ ಅಲ್ಲಿ ರೇಡಿಯೋ ವಾಲ್ವ್ ಮಾಡ್ತಿದ್ರು. ನಾನು ಬದಲಾಯಿಸಿದ್ದು ಹತ್ತು ಹನ್ನೆರಡು ಕಂಡೆನ್ಸರು, ಇಲಿ ಕಡಿದ ಡಯಲ್ ದಾರ, ಕರೆಂಟಿನ ವೈರು. ಖರ್ಚು ಒಂದು ಚೀಲ ಗೊಬ್ಬರಕ್ಕಿಂತ ಕಮ್ಮಿ.

ಬುದ್ಧಿ ಬಂದಿದ್ದು ಒಂದು ಸೆಟ್ ಸುಟ್ಟ ಮೇಲೆ. ಮಾವನ ಮನೆ ಅಟ್ಟದಿಂದ ಇಳಿಸಿದ ರೇಡಿಯೋನ ಧೂಳು ಹೊಡೆದು ನೇರ ಪ್ಲಗ್ಗಿಗೆ ಹಾಕ್ದೆ. ಎರಡೇ ನಿಮಿಷ, ಮನೆಯೆಲ್ಲ ಸುಟ್ಟ ವಾಸನೆ, ಟ್ರಾನ್ಸ್‌ಫಾರ್ಮರ್ ಹೋಯ್ತು. ಮಾವ ಇವತ್ತಿಗೂ ಆಡಿಕೊಳ್ತಾರೆ. ಹಳೇ ಸೆಟ್ ಇದ್ರೆ ದಯವಿಟ್ಟು ಹಂಗೆ ಹಾಕಬೇಡಿ. ಒಂದು 60 ವ್ಯಾಟಿನ ಹಳೇ ಮಾದರಿ ಬುರುಡೆ ಬಲ್ಬನ್ನ ಸೀರೀಸಲ್ಲಿ ಕೊಟ್ಟು ನೋಡಿ, ಎಲ್‌ಇಡಿ ನಡೆಯಲ್ಲ. ಬಲ್ಬು ಪೂರ್ತಿ ಬೆಳಕಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಇನ್ನೊಂದು ಮಾತು: ಒಳಗೆ 250 ವೋಲ್ಟ್, ಕೆಲವು ಸಲ ಅದಕ್ಕಿಂತ ಜಾಸ್ತಿನೂ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಲ್ಲಿ ಉಳಿದಿರುತ್ತೆ. ಎಸಿ-ಡಿಸಿ ಸೆಟ್ಟಾದ್ರೆ ತಗಡಿನ ಚಾಸಿಗೇ ಕರೆಂಟ್ ಬರಬಹುದು. ಗೊತ್ತಿಲ್ಲದಿದ್ರೆ ಗೊತ್ತಿದ್ದೋರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ.

"ಕೇಳೋಕೆ ಸ್ಟೇಷನ್ನೇ ಇಲ್ವಲ್ಲ" ಅಂತ ಅವನ ವಾದ. ದೇಶದಲ್ಲಿ ಎಷ್ಟೋ ಮೀಡಿಯಂ ವೇವ್ ಪ್ರಸಾರ ನಿಲ್ಲಿಸಿದ್ದಾರೆ, ನಿಜ, ನನಗೂ ಅದರ ಸಿಟ್ಟಿದೆ. ಆದ್ರೆ ಕೇಳೋರು ಇಲ್ಲ ಅಂತ ಅವರು, ಸ್ಟೇಷನ್ ಇಲ್ಲ ಅಂತ ನಾವು ರೇಡಿಯೋದ ಕರುಳು ಕೀಳ್ತಾ ಹೋದ್ರೆ ಹೆಂಗೆ? ಕತ್ತಲಾದ ಮೇಲೆ ಮೀಡಿಯಂ ವೇವ್ ದೂರ ದೂರ ಬರುತ್ತೆ. ಊಟ ಮುಗಿಸಿ ಸ್ವಿಚ್ ಹಾಕ್ತೀನಿ. ವಾಲ್ವ್ ಕಾಯೋಕೆ ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿರ್ತೀನಿ. ಮೊದಲು ಗುಂಯ್ ಅನ್ನುತ್ತೆ, ಆಮೇಲೆ ಬೆಂಗಳೂರು, ಸ್ವಲ್ಪ ತಿರುಗಿಸಿದ್ರೆ ತಮಿಳು, ತೆಲುಗು.

ಸ್ಟೇಷನ್ ಬಿಡಿ. ಕಳೆದ ಸಲ ಮೆಕ್ಕೆಜೋಳ ಕಣದಲ್ಲಿ ಹರವಿದ್ದಾಗ ಸಂಜೆ ಆಕಾಶ ಶುಭ್ರ. ರೇಡಿಯೋದಲ್ಲಿ ಮಾತ್ರ ಕರಕರ, ಕರಕರ. ದೂರದ ಸಿಡಿಲು ಮೀಡಿಯಂ ವೇವಲ್ಲಿ ಹಿಂಗೇ ಕೇಳುತ್ತೆ. ಟಾರ್ಪಾಲ್ ಎಳೆದ್ವಿ, ಒಂಬತ್ತಕ್ಕೆ ಮಳೆ ಹೊಡೀತು. ಎಲ್ಲ ಸಲ ನಮ್ಮ ಕಡೆಗೇ ಬರುತ್ತೆ ಅಂತಲ್ಲ, ಎರಡು ಸಲ ಸುಮ್ನೆ ಎಳೆದಿದ್ದೂ ಇದೆ. ಝಟ್ಕಾ ಬೇಲಿಗೆ ಹುಲ್ಲು ತಾಗಿ ಕಿಡಿ ಹಾರಿದ್ರೂ ಟಕ್, ಟಕ್ ಅಂತ ಹೇಳುತ್ತೆ. ಆಗ ಕೈ ಟ್ರಾನ್ಸಿಸ್ಟರ್ ಹಿಡಿದು ಬೇಲಿ ಸುತ್ತಿದ್ರೆ ಜಾಗ ಸಿಗುತ್ತೆ. ನಿನ್ನ ಬ್ಲೂಟೂತ್ ಏನು ಹೇಳುತ್ತಪ್ಪ, ಫೋನಲ್ಲಿರೋದನ್ನೇ ತಾನೆ?

ಇಷ್ಟೆಲ್ಲ ಅವನಿಗೂ ಹೇಳ್ದೆ. ಮುಖ ಸಣ್ಣದಾಯ್ತು. ಬಿಚ್ಚಿದ ಚಾಸಿ ಇನ್ನೂ ಗುಜರಿಗೆ ಹೋಗಿಲ್ವಂತೆ, ಕೋಳಿಗೂಡಿನ ಮೇಲಿದೆಯಂತೆ. ಭಾನುವಾರ ಹೋಗಿ ತರ್ತೀನಿ.