ಕ್ರಿಸ್ಮಸ್ ವಾರದಲ್ಲಿ ಕೂತ ಅಧ್ಯಕ್ಷರು, ನಮಗೆ ತಲುಪದ ಸುದ್ದಿ

2025ರ ಡಿಸೆಂಬರ್ 21, ಆದಿತ್ಯವಾರ. ಆ ಒಂದೇ ದಿನ ಗಡಿಯ ಎರಡು ತುದಿಗಳಲ್ಲಿ ಎರಡು ಕೆಲಸ ನಡೆದವು. ಇತ್ತ ಕಾಸರಗೋಡಿನ ನಗರಸಭೆ ಮತ್ತು ಪಂಚಾಯತುಗಳ ಹೊಸ ಸದಸ್ಯರು ಪ್ರಮಾಣವಚನ ತೆಗೆದುಕೊಂಡರು. ಅತ್ತ ಅಕ್ಕಲಕೋಟ, ದುಧನಿ, ಮೈಂದರ್ಗಿ, ಜತ್ತಗಳಲ್ಲಿ ನಗರ ಪರಿಷತ್ತಿನ ಮತ ಎಣಿಕೆ ಆಯಿತು. ಕೇರಳದಲ್ಲಿ ಡಿಸೆಂಬರ್ 26ಕ್ಕೆ ನಗರಸಭೆಗಳ ಚೇರ್‌ಮನ್, 27ಕ್ಕೆ ಪಂಚಾಯತು ಅಧ್ಯಕ್ಷರ ಆಯ್ಕೆ. ಅಂದರೆ ಕ್ರಿಸ್ಮಸ್ಸಿನ ನಕ್ಷತ್ರ ಬುಟ್ಟಿ ಅಂಗಡಿಗಳ ಎದುರು ತೂಗುತ್ತಿದ್ದ ವಾರದಲ್ಲೇ ನಮ್ಮ ಊರುಗಳ ಕುರ್ಚಿಗಳಲ್ಲಿ ಹೊಸಬರು ಬಂದು ಕೂತರು.

ಇದು ಹಳೆಯ ಪದ್ಧತಿಯೇನಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ, ಅದೇ ವರ್ಷದ ಮುನಿಸಿಪಾಲಿಟಿ ಕಾಯ್ದೆ ಬಂದ ಮೇಲೆ 1995ರಲ್ಲಿ ಮೊದಲ ಚುನಾವಣೆ ನಡೆಯಿತು. ಆಗೆಲ್ಲ ಮಳೆಗಾಲ ಮುಗಿಯುವ ಹೊತ್ತಿಗೆ ಚುನಾವಣೆ. 2015ರಲ್ಲಿ ಅದು ನವೆಂಬರಿಗೆ ಜಾರಿತು. 2020ರಲ್ಲಿ ಕೊರೋನಾ ಕಾರಣದಿಂದ ಡಿಸೆಂಬರಿಗೆ ಬಂತು. ಐದು ವರ್ಷದ ಲೆಕ್ಕ ಹಿಡಿದರೆ 2025ರಲ್ಲೂ ಡಿಸೆಂಬರ್. ಹೀಗಾಗಿ ಹೊಸ ಅಧ್ಯಕ್ಷರ ಮೊದಲ ಮಾತು ಊರಿಗೆ ಕೇಳುವುದೇ ಕ್ರಿಸ್ಮಸ್-ಹೊಸವರ್ಷದ ಶುಭಾಶಯದ ರೂಪದಲ್ಲಿ.

ಆ ಶುಭಾಶಯದ ಫಲಕಗಳನ್ನು ನಾನು ಓದುತ್ತಾ ಬಂದಿದ್ದೇನೆ. ಕೈ ಮುಗಿದ ಫೋಟೋ, ಹಿಂದೆ ನಾಲ್ಕಾರು ನಾಯಕರ ಮುಖಗಳು, ಕೆಳಗೆ ಮಲಯಾಳದಲ್ಲಿ ಎರಡು ಸಾಲು. (ಕೇರಳ ಸರಕಾರ 2019ರಲ್ಲೇ ಪಿವಿಸಿ ಫ್ಲೆಕ್ಸ್ ನಿಷೇಧಿಸಿದೆ. ಫಲಕಗಳು ಕಡಿಮೆಯಾಗಲಿಲ್ಲ, ಬಟ್ಟೆ ಬದಲಾಯಿತು ಅಷ್ಟೆ.) ಅದರಲ್ಲಿ ಹಾರೈಕೆ ಉಂಟು, ಸುದ್ದಿ ಇಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಮೇಯರಾದವರು ಕ್ರಿಸ್ಮಸ್ ಹೊತ್ತಿಗೆ ಊರವರಿಗೆ ಒಂದು ಪತ್ರ ಬರೆಯುವ ರೂಢಿ ಇದೆ. ಹಬ್ಬದ ಹಾರೈಕೆ ಒಂದೆರಡು ಸಾಲು. ಉಳಿದದ್ದೆಲ್ಲ ಕಸದ ಗಾಡಿ ಯಾವ ದಿನ ಬರುವುದಿಲ್ಲ, ಹಿಮ ಸರಿಸುವಾಗ ಬೀದಿಯಲ್ಲಿ ಕಾರು ಬಿಡಬಾರದು, ಕಚೇರಿಗೆ ಯಾವತ್ತು ರಜೆ, ಬರುವ ವರ್ಷದ ಬಜೆಟಿನಲ್ಲಿ ಯಾವ ರಸ್ತೆಗೆ ಹಣ ಇಟ್ಟಿದೆ ಎಂಬಂಥ ವಿಷಯ. ಓದಲು ರುಚಿಯಿಲ್ಲ, ಆದರೆ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಮೇಯರ್ ಎಂಬ ಹೆಸರು ಕಾರ್ಪೊರೇಷನಿಗೆ ಮಾತ್ರ. ಕಾಸರಗೋಡು, ಕಾಞಂಗಾಡ್, ನೀಲೇಶ್ವರಗಳಿಗೆ ಚೇರ್‌ಮನ್. ಹೆಸರು ಏನೇ ಇರಲಿ, ಊರಿನ ಯಜಮಾನಿಕೆ ಅವರದ್ದೇ. ಊರಿಗೆ ತಿಳಿಸುವ ಕೆಲಸವೂ ಅವರದ್ದೇ.

ಡಿಸೆಂಬರ್-ಜನವರಿಯಲ್ಲಿ ನಮಗೆ ತಿಳಿಯಬೇಕಾದದ್ದು ಏನೆಲ್ಲ ಉಂಟು ಎಂದು ಸ್ವಲ್ಪ ಲೆಕ್ಕ ಹಾಕಿ. ಮೊದಲನೆಯದು ನೀರು. ಮಳೆ ನಿಂತು ತೋಡಿನ ಹರಿವು ಸಣ್ಣದಾಗುವ ಕಾಲದಲ್ಲಿ ಕಟ್ಟ ಕಟ್ಟಬೇಕು, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಬೇಕು. ಒಂದು ವಾರ ತಡವಾದರೆ ಮಾರ್ಚ್-ಏಪ್ರಿಲಿನಲ್ಲಿ ಅಡಿಕೆ ತೋಟದ ಕೆರೆ ಬತ್ತುವುದು ಎಷ್ಟು ಬೇಗ ಅಂತ ಏತಡ್ಕ, ಎಣ್ಮಕಜೆ ಕಡೆಯ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಹಲಗೆ ಯಾರು ಹಾಕುತ್ತಾರೆ, ಯಾವತ್ತು ಹಾಕುತ್ತಾರೆ, ಕಳೆದ ವರ್ಷದ ಹಲಗೆ ಗೆದ್ದಲು ತಿಂದಿದ್ದರೆ ಹೊಸದು ಯಾವ ಲೆಕ್ಕದಲ್ಲಿ ಬರುತ್ತದೆ? ಇದು ಪಂಚಾಯತಿನಿಂದ ಬರಬೇಕಾದ ಸುದ್ದಿ. ಸರಿಯಾಗಿ ಆ ಹೊತ್ತಿಗೇ 2025ರಲ್ಲಿ ಪಂಚಾಯತಿನಲ್ಲಿ ಹಳಬರು ಇಳಿದಿದ್ದರು, ಹೊಸಬರು ಏರಿರಲಿಲ್ಲ.

ಎರಡನೆಯದು ಹರಿತ ಕರ್ಮಸೇನೆಯವರ ಪ್ಲಾಸ್ಟಿಕ್ ಸಂಗ್ರಹ. ಪಂಚಾಯತುಗಳಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ, ಅಂಗಡಿಗೆ ಅದಕ್ಕಿಂತ ಜಾಸ್ತಿ. ಬಾಕಿ ಉಳಿಸಿದರೆ ತೆರಿಗೆಯಂತೆ ವಸೂಲು ಮಾಡುವ ಅಧಿಕಾರ ಕಾನೂನಿನಲ್ಲಿ ಬಂದಿದೆ. ಮೂರನೆಯದು ವ್ಯಾಪಾರದ ಲೈಸೆನ್ಸು ಮತ್ತು ಕಟ್ಟಡ ತೆರಿಗೆ. ಇದೆಲ್ಲ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ನಗರಸಭೆಗಳಲ್ಲಿ 2024ರ ಜನವರಿ 1ರಿಂದ, ಗ್ರಾಮ ಪಂಚಾಯತುಗಳಲ್ಲಿ 2025ರ ಏಪ್ರಿಲಿನಿಂದ. ಮೊದಲು ಗುಮಾಸ್ತರ ಮೇಜಿನ ಎದುರು ನಿಂತು ತುಳುವಿನಲ್ಲೋ ಕನ್ನಡದಲ್ಲೋ ಕೇಳಿ ತಿಳಿದುಕೊಳ್ಳಬಹುದಿತ್ತು. ಈಗ ಅಕ್ಷಯ ಕೇಂದ್ರದ ಹುಡುಗ ಏನು ಒತ್ತುತ್ತಾನೋ ಅದೇ ನಮ್ಮ ಅರ್ಜಿ.

ಇವೆಲ್ಲಕ್ಕಿಂತ ದೊಡ್ಡದು ಗ್ರಾಮಸಭೆ. ತೆಂಗಿಗೆ ಗೊಬ್ಬರ, ಪಂಪ್‌ಸೆಟ್ಟು, ಬಾವಿ, ಹಟ್ಟಿ, ಮನೆ ರಿಪೇರಿ ಎಂಬಂಥ ವ್ಯಕ್ತಿಗತ ಸವಲತ್ತುಗಳ ಪಟ್ಟಿ ಆಗುವುದು ಅಲ್ಲಿ. ಪಟ್ಟಣದಲ್ಲಿ ಇದೇ ಕೆಲಸಕ್ಕೆ ವಾರ್ಡುಸಭೆ. 1996ರ ಜನಕೀಯ ಯೋಜನೆಯಿಂದ ಈಚೆಗೆ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಬರುವ ಹಣ ಕರ್ನಾಟಕದ ನಮ್ಮ ನೆಂಟರು ನಂಬದಷ್ಟು. ಆ ಹಣ ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕು ವಾರ್ಡಿನ ಮತದಾರನಿಗೆ ಉಂಟು. ಸಭೆ ಮೂರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇರಬೇಕು. ಕ್ರಿಸ್ಮಸ್ ಮುಗಿದು ಕುರ್ಚಿ ಹಿಡಿದವರಿಗೆ ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಆ ಮೂರು ತಿಂಗಳಲ್ಲಿ ಹಳೆಯ ಯೋಜನೆಯ ಹಣ ಖರ್ಚಾಗಬೇಕು, ಹೊಸದರ ಪಟ್ಟಿ ಆಗಬೇಕು. ಹೊಸಬರ ಮೊದಲ ವರ್ಷದಲ್ಲಿ ಎಲ್ಲವೂ ಓಟದಲ್ಲಿ ನಡೆಯುತ್ತದೆ. ಓಟದಲ್ಲಿ ಹಿಂದೆ ಬೀಳುವವನು ನೋಟೀಸು ಓದಲಾಗದವನು.

ನನ್ನ ಪರಿಚಯದ ಅಡಿಕೆ ಕೃಷಿಕರೊಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಓದಿದ್ದು ಏಳನೆಯ ತರಗತಿಯವರೆಗೆ, ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಪೇಟೆಯಲ್ಲಿ ವ್ಯಾಪಾರ ಕುದುರಿಸುವುದೇ ಆ ಭಾಷೆಯಲ್ಲಿ. ಆದರೆ ಅಕ್ಷರ ಬರುವುದಿಲ್ಲ. ಅಂಗನವಾಡಿಯ ಗೋಡೆಗೆ ಅಂಟಿಸಿದ ಹಾಳೆಯ ಎದುರಿನಿಂದ ದಿನಾ ನಡೆದುಹೋದವರಿಗೆ, ಅದು ಗ್ರಾಮಸಭೆಯ ನೋಟೀಸು, ಪಂಪ್‌ಸೆಟ್ಟಿನ ಅರ್ಜಿಗೆ ಅದೇ ಕೊನೆಯ ವಾರ ಎಂದು ಗೊತ್ತಾದದ್ದು ಸಭೆ ಮುಗಿದ ಮೇಲೆ. "ಎಂತ ಮಾಡುದು ಮಾರಾಯ್ರೆ, ಓಟಿನ ಚೀಟಿ ಕನ್ನಡದಲ್ಲಿ ಉಂಟು, ಇದು ಮಾತ್ರ ಇಲ್ಲ" ಅಂದರು. ಕೇರಳ ರಾಜ್ಯ ಚುನಾವಣಾ ಆಯೋಗ ಭಾಷಾ ಅಲ್ಪಸಂಖ್ಯಾತರ ವಾರ್ಡುಗಳಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಮತಪತ್ರ ಅಚ್ಚು ಹಾಕಿಸುತ್ತದೆ. ಅಭ್ಯರ್ಥಿಗಳು ಮನೆ ಬಾಗಿಲಿಗೆ ತರುವ ಕರಪತ್ರವೂ ಕನ್ನಡದಲ್ಲಿ ಇರುತ್ತದೆ, ಪಕ್ಷ ಯಾವುದೇ ಆಗಲಿ. ಮಂಜೇಶ್ವರದ ಶಾಸಕರಾಗಿ ಎ.ಕೆ.ಎಂ. ಅಶ್ರಫ್ 2021ರಲ್ಲಿ ತಿರುವನಂತಪುರದ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣವಚನ ಓದಿದರು. ಹಾಗಾದರೆ ಓಟು ಕೇಳಲಿಕ್ಕೆ, ಪ್ರಮಾಣ ಮಾಡಲಿಕ್ಕೆ ಬರುವ ಕನ್ನಡ, ನೋಟೀಸು ಅಂಟಿಸುವಾಗ ಎಲ್ಲಿಗೆ ಹೋಗುತ್ತದೆ?

ಕಾನೂನು ಇಲ್ಲವೇ ಅಂದರೆ, ಉಂಟು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ತಮಿಳು, ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ, ತಮ್ಮ ಪ್ರದೇಶದ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆ ಅಂಗೀಕರಿಸಿದಾಗ ಗಲಾಟೆ ಎದ್ದಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಆಕ್ಷೇಪ ಎತ್ತಿ ಪತ್ರ ಬರೆದರು. ಅಲ್ಪಸಂಖ್ಯಾತರ ಪತ್ರ ವ್ಯವಹಾರದ ಹಕ್ಕನ್ನು ಮಸೂದೆಯಲ್ಲಿ ಉಳಿಸಿಕೊಂಡಿದ್ದೇವೆ ಎಂದು ಕೇರಳ ಉತ್ತರ ಕೊಟ್ಟಿತು. ಶಾಲೆಯ ವಿಷಯದಲ್ಲಿ ನಮ್ಮವರ ಭಯ ಸಣ್ಣದಲ್ಲ, ಅದನ್ನು ಬೇರೆಯೇ ಬರೆಯಬೇಕು. ಇಲ್ಲಿ ನನಗೆ ಕಾಣುವ ಸಮಸ್ಯೆ ಇನ್ನೊಂದು. ಈ ಹಕ್ಕು ಪತ್ರ ಬರೆದವನಿಗೆ ಮಾತ್ರ. ನಾವು ಕನ್ನಡದಲ್ಲಿ ಕೇಳಿದರೆ ಅವರು ಕನ್ನಡದಲ್ಲಿ ಹೇಳಬೇಕು. ಆದರೆ ಸಭೆ ಉಂಟು ಎಂದೇ ಗೊತ್ತಿಲ್ಲದವನು ಕೇಳುವುದು ಹೇಗೆ? ಊರಿಗೆ ಮೊದಲಾಗಿ ತಾನೇ ಹೇಳಬೇಕಾದ ಮಾತು ಯಾವ ಭಾಷೆಯಲ್ಲಿ ಎಂಬುದು ಅಧ್ಯಕ್ಷರ, ಕಾರ್ಯದರ್ಶಿಯ ಮನಸ್ಸಿಗೆ ಬಿಟ್ಟ ವಿಷಯವಾಗಿ ಉಳಿಯುತ್ತದೆ.

ಈ ಮಾತಿನಲ್ಲಿ ಸೊಲ್ಲಾಪುರ-ಸಾಂಗಲಿ ಕಡೆಯವರಿಗೆ ಉಪಯೋಗಕ್ಕೆ ಬರುವ ಒಂದು ತೀರ್ಪು ಉಂಟು. ಮಹಾರಾಷ್ಟ್ರ 2022ರಲ್ಲಿ ಕಾಯ್ದೆ ಮಾಡಿ ಸ್ಥಳೀಯ ಸಂಸ್ಥೆಗಳ ವ್ಯವಹಾರಕ್ಕೆ ಮರಾಠಿ ಕಡ್ಡಾಯ ಮಾಡಿತು. ಅಕೋಲಾ ಜಿಲ್ಲೆಯ ಪಾತೂರು ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಕೆಳಗೆ ಉರ್ದುವಿನಲ್ಲೂ ಹೆಸರು ಬರೆದಿತ್ತು. ಅದನ್ನು ತೆಗೆಸಬೇಕೆಂದು ಮಾಜಿ ಸದಸ್ಯರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಏಪ್ರಿಲಿನಲ್ಲಿ ನ್ಯಾಯಾಲಯ ಅರ್ಜಿ ತಳ್ಳಿಹಾಕಿತು. ಮರಾಠಿ ಇದ್ದ ಮೇಲೆ ಜೊತೆಗೆ ಇನ್ನೊಂದು ಭಾಷೆ ಹಾಕಬಾರದು ಎಂದು ಆ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ, ಭಾಷೆ ಇರುವುದು ಊರಿನ ಜನರಿಗೆ ವಿಷಯ ಮುಟ್ಟಿಸಲಿಕ್ಕೆ ಎಂಬುದು ಅದರ ತಾತ್ಪರ್ಯ. ಉರ್ದುವಿಗೆ ಸಲ್ಲುವ ತರ್ಕ ಕನ್ನಡಕ್ಕೂ ಸಲ್ಲಲೇಬೇಕು. ಅಕ್ಕಲಕೋಟದ ಅಂಗಡಿಕಾರರು, ಜತ್ತ ಪೂರ್ವಭಾಗದ ರೈತರು ಇದನ್ನು ಕೈಯಲ್ಲಿ ಹಿಡಿದು ಕೇಳಬಹುದು. ಅವರಿಗೆ ಇನ್ನೊಂದು ಅನುಕೂಲವೂ ಉಂಟು. ಅಲ್ಲಿ ನಗರಾಧ್ಯಕ್ಷರನ್ನು ಮತದಾರರೇ ನೇರ ಆರಿಸುತ್ತಾರೆ. ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿದ್ದ ಊರಿಗೆ 2025ರ ಕ್ರಿಸ್ಮಸ್ ಹೊತ್ತಿಗೆ ತಾನೇ ಆರಿಸಿದ ಒಬ್ಬ ಮುಖ್ಯಸ್ಥ ಸಿಕ್ಕಿದ. ಪೂರ್ತಿ ಊರಿನ ಓಟು ಪಡೆದವನು ಕನ್ನಡದ ಓಣಿಯನ್ನು ಬಿಟ್ಟು ಗೆಲ್ಲುವುದು ಕಷ್ಟ. ನಮ್ಮಲ್ಲಿ ಚೇರ್‌ಮನ್ನನ್ನು ಆರಿಸುವುದು ಸದಸ್ಯರು. ಹಾಗಾಗಿ ಇಲ್ಲಿ ಒತ್ತಡ ತರಬೇಕಾದ್ದು ವಾರ್ಡಿನ ಸದಸ್ಯರ ಮೂಲಕ.

ವಿರುದ್ಧದ ಮಾತನ್ನೂ ಕೇಳಬೇಕು. ಒಂದು ಪಂಚಾಯತಿನ ನೌಕರರೊಬ್ಬರು ನನ್ನಲ್ಲಿ ಹೇಳಿದ್ದು ಹೀಗೆ: "ನಾನು ತೆಂಕಣ ಜಿಲ್ಲೆಯವನು, ವರ್ಗವಾಗಿ ಬಂದಿದ್ದೇನೆ, ನನಗೆ ಕನ್ನಡ ಬಾರದು, ಅನುವಾದಕ್ಕೆ ಜನ ಇಲ್ಲ, ಸಭೆಗೆ ನಾಲ್ಕೇ ದಿನ ಇದೆ. ನಾನೇನು ಮಾಡಲಿ?" ಇದು ಸುಳ್ಳಲ್ಲ. ನಮ್ಮ ಮಕ್ಕಳಲ್ಲಿ ತುಂಬ ಜನಕ್ಕೆ ಮಲಯಾಳ ಓದಲು ಬರುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಸವಲತ್ತಿನ ಅರ್ಜಿ ಹಾಕಬೇಕಾದವರು ಹೆಚ್ಚಾಗಿ ಮಕ್ಕಳಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ ಇದ್ದಾರೆ. ತೋಟದಲ್ಲಿ ಉಳಿದವರು ಕನ್ನಡ ಶಾಲೆಯ ಹಳೆಯ ವಿದ್ಯಾರ್ಥಿಗಳು. ಇನ್ನು ಅನುವಾದಕ್ಕೆ ಜನ ಇಲ್ಲ ಎಂಬುದು, ಇಡೀ ಕಡತ ಅನುವಾದಿಸುವುದಾದರೆ ಸರಿ. ನಾನು ಹೇಳುತ್ತಿರುವುದು ಒಂದು ಹಾಳೆಯ ವಿಷಯ: ಸಭೆ ಎಲ್ಲಿ, ಎಷ್ಟು ಗಂಟೆಗೆ, ಯಾವ ಅರ್ಜಿ, ಕೊನೆಯ ದಿನ ಯಾವುದು, ಯಾವ ದಾಖಲೆ ತರಬೇಕು. ಕನ್ನಡ ಬಲ್ಲ ವಾರ್ಡು ಸದಸ್ಯರು ಹತ್ತು ನಿಮಿಷದಲ್ಲಿ ಬರೆದು ಕೊಡಬಹುದು. ಕುಟುಂಬಶ್ರೀಯ ಹೆಂಗಸರು ಅದನ್ನು ಮನೆಮನೆಗೆ ಮುಟ್ಟಿಸುತ್ತಾರೆ, ಮೊಬೈಲಿನಲ್ಲಿ ಓದಿ ಹೇಳುತ್ತಾರೆ.

ಹೀಗೆ ಆಗುವುದಿಲ್ಲ ಎನ್ನುವವರು ಕ್ರಿಸ್ಮಸ್ ಹೊತ್ತಿನಲ್ಲಿ ಬೇಳದ ಇಗರ್ಜಿಗೋ ಮಂಜೇಶ್ವರದ ಇಗರ್ಜಿಗೋ ಹೋಗಿ ನೋಡಲಿ. ಚಂದ್ರಗಿರಿಯಿಂದ ಈಚೆಗಿನ ಈ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ರಂದು ಸರಕಾರದ ಗಡಿ ಸರಿಯಿತು, ಧರ್ಮಪ್ರಾಂತದ ಗಡಿ ಸರಿಯಲಿಲ್ಲ. ಅಲ್ಲಿ ಪೂಜೆ ಕೊಂಕಣಿಯಲ್ಲಿ, ಓದುವ ಪುಸ್ತಕ ಕನ್ನಡ ಲಿಪಿಯಲ್ಲಿ. ಗೋದಲಿಯ ತಯಾರಿ, ಕುಸ್ವಾರಿನ ಹಂಚಿಕೆ, ಯಾವ ವಾಡೆಯವರು ಯಾವ ದಿನ ಬರಬೇಕು ಎಂಬುದೆಲ್ಲ ಪೂಜೆಯ ಕೊನೆಗೆ ಹೇಳುವ ಎರಡು ನಿಮಿಷದ ಪ್ರಕಟಣೆಯಲ್ಲಿ ಮುಗಿಯುತ್ತದೆ. ಯಾರಿಗೂ ಗೊತ್ತಾಗಲಿಲ್ಲ ಎಂಬ ದೂರು ಬರುವುದಿಲ್ಲ. ಅದೇ ಜಿಲ್ಲೆಯ ಪೂರ್ವದ ಬೆಟ್ಟಗಳಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತ ರೈತರಿಗೆ ಅವರ ಇಗರ್ಜಿ ಮಲಯಾಳದಲ್ಲಿ ಹೇಳುತ್ತದೆ. ಎರಡು ಕಡೆಯೂ ಕೇಳುವವನ ಭಾಷೆ ಯಾವುದು ಎಂದು ನೋಡಿ ಹೇಳುತ್ತಾರೆ. ಇದರಲ್ಲಿ ರಾಜಕೀಯ ಏನೂ ಇಲ್ಲ.

ರಾಜಕೀಯ ಇದೆ ಎಂದು ಹೆದರುವವರಿಗೂ ಒಂದು ಮಾತು. ಮಹಾಜನ ವರದಿ ಬಂದದ್ದು 1967ರಲ್ಲಿ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಆ ವರದಿಯ ಮೇಲಿನ ಆಸೆಯಲ್ಲಿ ಎರಡು ತಲೆಮಾರು ಕಳೆದವು. ಆ ಆಸೆ ಹೊತ್ತವರಲ್ಲಿ ಮುಂಚೂಣಿಯಲ್ಲಿದ್ದ ಕಯ್ಯಾರ ಕಿಞ್ಞಣ್ಣ ರೈಗಳೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಕೆಲಸ ಮಾಡಿದವರು. ವಿಲೀನೀಕರಣದ ಹೋರಾಟ ಒಂದು ಕೈಯಲ್ಲಿ, ಪಂಚಾಯತಿನ ಕೆಲಸ ಇನ್ನೊಂದು ಕೈಯಲ್ಲಿ. ಇವತ್ತು ಕನ್ನಡ ಸಂಘಟನೆಗಳ ಸಭೆಗಳಿಗೆ ನಾನು ಹೋದಾಗ ಮೊದಲನೆಯದರ ಭಾಷಣ ತುಂಬ ಕೇಳುತ್ತೇನೆ. ಗ್ರಾಮಸಭೆಯ ಕೋರಂ ತುಂಬಿಸಲು ನಮ್ಮ ವಾರ್ಡಿನಿಂದ ಎಷ್ಟು ಜನ ಹೋಗಿದ್ದಾರೆ ಎಂದು ಕೇಳುವವರು ಕಡಿಮೆ. ಹೊಸ ಅಧ್ಯಕ್ಷರಿಗೆ ಹಾರ ಹಾಕಿ ಸನ್ಮಾನ ಮಾಡುವ ಸಂಘಗಳು ಆ ಸನ್ಮಾನ ಪತ್ರದ ಜೊತೆಗೇ ಒಂದು ಅರ್ಜಿ ಕೊಡಬಹುದಿತ್ತು.

ಅರ್ಜಿ ಕೊಡುವುದಾದರೆ ಹೀಗೆ. ಕಾರ್ಯದರ್ಶಿಯ ಹೆಸರಿಗೆ, ಕನ್ನಡದಲ್ಲೇ, ವಾರ್ಡಿನ ಐದಾರು ಮತದಾರರ ಸಹಿ ಹಾಕಿ, ಗ್ರಾಮಸಭೆಯ ದಿನಾಂಕವನ್ನೂ ಸವಲತ್ತುಗಳ ಪಟ್ಟಿಯನ್ನೂ ಕನ್ನಡದಲ್ಲಿ ತಿಳಿಸಬೇಕೆಂದು ಬರೆಯಿರಿ. ಕೈಗೆ ರಶೀದಿ ತೆಗೆದುಕೊಳ್ಳಿ. ಕೇಳಿದವನಿಗೆ ಮಾತ್ರ ಸಿಗುವ ಹಕ್ಕು ಅದು ಎಂದಾದರೆ, ಪ್ರತಿ ವಾರ್ಡಿನಲ್ಲೂ ಕೇಳಿದವನೊಬ್ಬ ಇರಬೇಕು. ಸಭೆ ಮೂರು ತಿಂಗಳಿಗೊಮ್ಮೆ ಬರುವುದರಿಂದ ವರ್ಷಕ್ಕೆ ನಾಲ್ಕು ಸಲ ಬರೆಯಬೇಕಾದೀತು. ಮಲಯಾಳದಲ್ಲಿ ಉತ್ತರ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡುವ ದೂರಿನ ಜೊತೆ ಲಗತ್ತಿಸಲು ಬೇಕಾಗುತ್ತದೆ.