ನಡಾವಳಿ ಗಣಕಯಂತ್ರಕ್ಕೆ ಹೋಗಲಿ, ಕನ್ನಡದಲ್ಲೇ ಹೋಗಲಿ



ನಿಮ್ಮ ಮಗು ಓದುವ ಶಾಲೆಯ ಸಮಿತಿ ಕಳೆದ ಸಭೆಯಲ್ಲಿ ಏನು ನಿರ್ಣಯ ಮಾಡಿತು ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲಿರಿ? ಸಭೆಗೆ ಬಂದು ಸಹಿ ಹಾಕಿ ಹೋದವರಿಗೂ ಅದು ನೆನಪಿರುವುದು ಅಪರೂಪ. ಈ ಉದಾಸೀನಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ.

ಕೇರಳದಲ್ಲಿ ರಕ್ಷಕ-ಶಿಕ್ಷಕ ಸಂಘ, ತಮಿಳುನಾಡಿನಲ್ಲಿ ಪಳ್ಳಿ ಮೇಲಾಣ್ಮೈ ಕುಳು, ಮಹಾರಾಷ್ಟ್ರದಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಎಂದು ಕಿವಿಗೆ ಬೀಳುವ ಹೆಸರುಗಳು ಹಲವು. ಇವುಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ರಚನೆಯಾಗುವುದು ಶಾಲಾ ನಿರ್ವಹಣಾ ಸಮಿತಿ. ಅದರಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ಪಾಲಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು ಅದರ ಕೆಲಸ. ಭಾಷಾ ಅಲ್ಪಸಂಖ್ಯಾತರೇ ನಡೆಸುವ ಶಾಲೆಗಳಲ್ಲಿ ಮತ್ತು ಇತರ ಅನುದಾನಿತ ಶಾಲೆಗಳಲ್ಲಿ ಸಮಿತಿಯ ಪಾತ್ರ ಸಲಹೆಗಷ್ಟೇ ಸೀಮಿತವೆಂದು 2012ರ ತಿದ್ದುಪಡಿ ಹೇಳಿತು. ಅಲ್ಲಿ ಆಡಳಿತ ಮಂಡಳಿಯದೇ ಹೊಣೆ. ಆದರೆ ದಾಖಲೆಯ ಮಾತು ಎಲ್ಲ ಶಾಲೆಗಳಿಗೂ ಒಂದೇ.

ಈಗ ಈ ದಾಖಲೆಗಳು ಪುಸ್ತಕದಿಂದ ಗಣಕಯಂತ್ರಕ್ಕೂ ಮೊಬೈಲಿಗೂ ಸಾಗುತ್ತಿವೆ. ತಮಿಳುನಾಡಿನಲ್ಲಿ ಸಮಿತಿಯ ನಿರ್ಣಯಗಳನ್ನು ದಾಖಲಿಸಲು ಪಾಲಕರಿಗೆಂದೇ ಟಿಎನ್‌ಸೆಡ್ ಪೇರೆಂಟ್ಸ್ ಎಂಬ ಆ್ಯಪ್ ಬಂದಿದೆ. ದೇಶದ ಎಲ್ಲ ಶಾಲೆಗಳ ಅಂಕಿಅಂಶಗಳು ಯುಡೈಸ್ ಪ್ಲಸ್ ಎಂಬ ವ್ಯವಸ್ಥೆಗೆ ಸೇರುತ್ತವೆ. ಇದು ಒಳ್ಳೆಯದೇ. ಗೆದ್ದಲು ಹಿಡಿದ ಪುಸ್ತಕ, ಮಳೆಗೆ ಸೋರಿದ ಕಪಾಟು, ವರ್ಗವಾಗಿ ಹೋದ ಮುಖ್ಯೋಪಾಧ್ಯಾಯರ ಜೊತೆಗೇ ಮಾಯವಾದ ಕಡತ, ಇವೆಲ್ಲ ನಮಗೆ ಹೊಸತಲ್ಲ. ಆದರೆ ರಾಜ್ಯಭಾಷೆಯಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು ತುಂಬಿಸಿ ಕಳಿಸಿದರೆ ಸಭೆ ಮುಗಿಯಿತೆಂದು ತಿಳಿಯುವ ಅಭ್ಯಾಸ ಅಪಾಯಕಾರಿ. ಕನ್ನಡ ಶಿಕ್ಷಕರ ಹುದ್ದೆ ಖಾಲಿಯಿದೆ, ಕನ್ನಡ ಪಠ್ಯಪುಸ್ತಕ ಬಂದಿಲ್ಲ ಎಂದು ಪಾಲಕರು ಸಭೆಯಲ್ಲಿ ಆಡಿದ ಮಾತು ಆ ಎರಡು ಸಾಲಿನಲ್ಲಿ ಕಾಣದೆ ಹೋಗುತ್ತದೆ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಪಾಲಕರು ಬೀದಿಗಿಳಿದದ್ದು ನಿಮಗೆ ಗೊತ್ತಿದೆ. ಬೀದಿಗಿಳಿದ ಮೇಲೂ ಕಚೇರಿಯಲ್ಲಿ ಕೇಳುವ ಪ್ರಶ್ನೆಗಳು ಇವೇ: ಸಮಿತಿ ಯಾವ ದಿನ ನಿರ್ಣಯ ಮಾಡಿತು? ಯಾರಿಗೆ ಕಳಿಸಿತು? ಸ್ವೀಕೃತಿ ಎಲ್ಲಿ? ಇವಕ್ಕೆ ಉತ್ತರ ಕೊಡುವುದು ಘೋಷಣೆಯಲ್ಲ, ನಡಾವಳಿ.

ಆದ್ದರಿಂದ ಪ್ರತಿ ಶಾಲೆಯೂ ಕೆಲವು ಕ್ರಮಗಳನ್ನು ಪಾಲಿಸಲಿ ಎಂಬುದು ನಮ್ಮ ಒತ್ತಾಯ.

ಮೊದಲನೆಯದು, ಪುಟಸಂಖ್ಯೆ ಹಾಕಿದ ನಡಾವಳಿ ಪುಸ್ತಕವನ್ನು ಬಿಡಬೇಡಿ. ನಿರ್ಣಯವನ್ನು ಅದರಲ್ಲಿ ಕನ್ನಡದಲ್ಲೇ ಬರೆದು, ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಅದೇ ದಿನ ಆ ಪುಟಗಳನ್ನು ಸ್ಕ್ಯಾನ್ ಮಾಡಿ ಅಥವಾ ಮೊಬೈಲಿನಲ್ಲಿ ಸ್ಪಷ್ಟವಾಗಿ ಚಿತ್ರ ತೆಗೆದು ಪಿಡಿಎಫ್ ಆಗಿ ಉಳಿಸಿ. ಆ್ಯಪಿಗೆ ಹೋಗುವುದು ಇದರ ಸಾರಾಂಶವಾಗಿರಲಿ, ಇದಕ್ಕೆ ಬದಲಿಯಾಗದಿರಲಿ.

ಎರಡನೆಯದು, ಟೈಪು ಮಾಡುವುದಾದರೆ ಯುನಿಕೋಡಿನಲ್ಲೇ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಾಗದವನ್ನು ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತವೆ. ನೆರೆರಾಜ್ಯದ ಕಚೇರಿಯಲ್ಲಿ ಆ ಶೈಲಿ ಇರುತ್ತದೆಂದು ನಂಬುವುದು ಹೇಗೆ?

ಮೂರನೆಯದು, ದಾಖಲೆಗಳು ಶಾಲೆಯ ಹೆಸರಿನ ಮಿಂಚಂಚೆ ಖಾತೆಯಲ್ಲಿರಲಿ, ಯಾವೊಬ್ಬ ಶಿಕ್ಷಕರ ಸ್ವಂತ ಮೊಬೈಲಿನಲ್ಲಿ ಅಲ್ಲ. ಮುಖ್ಯೋಪಾಧ್ಯಾಯರು ವರ್ಗವಾದಾಗ ಕಪಾಟಿನ ಬೀಗದ ಕೈಯಂತೆ ಗುಪ್ತಪದವೂ ಬರವಣಿಗೆಯಲ್ಲಿ ಹಸ್ತಾಂತರವಾಗಬೇಕು. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಶಾಲೆಯ ಕಪಾಟಿನಲ್ಲಿರಲಿ. ಕಡತದ ಹೆಸರು ಇಸವಿ, ತಿಂಗಳು, ದಿನಾಂಕದಿಂದ ಆರಂಭವಾದರೆ ಹತ್ತು ವರ್ಷದ ನಂತರವೂ ಹುಡುಕುವುದು ಸುಲಭ.

ನಾಲ್ಕನೆಯದು, ಕಾರ್ಯಸೂಚಿ ಸಭೆಗೆ ಒಂದು ವಾರ ಮುಂಚೆಯೇ ಕನ್ನಡದಲ್ಲಿ ಪಾಲಕರಿಗೆ ತಲುಪಲಿ. ವಾಟ್ಸ್‌ಆ್ಯಪ್ ಇಲ್ಲದ ಮನೆಗಳಿಗೆ ಮಗುವಿನ ಕೈಯಲ್ಲಿ ಚೀಟಿ ಹೋಗಲಿ, ಸೂಚನಾ ಫಲಕದಲ್ಲೂ ಅಂಟಿಸಲಿ. ನಿರ್ಣಯಗಳನ್ನು ಸಾರ್ವಜನಿಕರಿಗೆ ದೊರೆಯುವಂತೆ ಇಡಬೇಕೆಂದು ಕೇಂದ್ರದ 2010ರ ಮಾದರಿ ನಿಯಮಗಳೇ ಹೇಳಿವೆ. ಆದರೆ ಮಕ್ಕಳ ಆಧಾರ್ ಸಂಖ್ಯೆ, ಜಾತಿ, ಅಂಕಪಟ್ಟಿಗಳನ್ನು ಗುಂಪಿನಲ್ಲಿ ಹಾಕಲೇಬಾರದು.

ಐದನೆಯದು, ಯುಡೈಸ್ ನಮೂನೆ ಕಳಿಸುವ ಮುನ್ನ ಅದರ ಮುದ್ರಿತ ಪ್ರತಿಯನ್ನು ಸಮಿತಿಯ ಮುಂದಿಡಲಿ. ಬೋಧನಾ ಮಾಧ್ಯಮದ ಅಂಕಣದಲ್ಲಿ ಕನ್ನಡವೆಂದೇ ದಾಖಲಾಗಿದೆಯೇ, ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆ ಸರಿಯಾಗಿದೆಯೇ ನೋಡಿ. ಕಾಗದದಲ್ಲಿ ಕಡಿಮೆಯಾದ ಮಗು ಸರಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕುಂದುಕೊರತೆಯ ಮನವಿಯನ್ನು ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂತು. ಸಮಿತಿ ಕನ್ನಡದಲ್ಲಿ ನಿರ್ಣಯ ಮಾಡಿ, ರಾಜ್ಯಭಾಷೆಯ ಅನುವಾದವನ್ನು ಜೊತೆಗಿಟ್ಟು ಕಳಿಸಿದರೆ ಹಕ್ಕೂ ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಆದರೆ ಕಳಿಸಿದ ದಿನಾಂಕ ನಮ್ಮಲ್ಲಿದ್ದರೆ ತಾನೇ ಕೇಳುವುದು?

ಇದೆಲ್ಲ ಶಿಕ್ಷಕರ ಕೆಲಸ ಎನ್ನಬೇಡಿ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವವರು ಅವರು. ನಿಮ್ಮಲ್ಲಿ ಟೈಪು ಬಲ್ಲ ಒಬ್ಬ ತಾಯಿ, ಕಾಲೇಜಿಗೆ ಹೋಗುವ ಒಬ್ಬ ಅಣ್ಣ ತಿಂಗಳಿಗೆ ಎರಡು ಗಂಟೆ ಕೊಟ್ಟರೆ ಸಾಕು. ಪಾಲಕರು ಬಾರದ ಸಭೆಯಲ್ಲಿ ಹಾಳೂರಿಗೆ ಉಳಿದವನೇ ಗೌಡ. ಅವನು ಬರೆದದ್ದೇ ದಾಖಲೆ.

ಮುಂದಿನ ಸಭೆಗೆ ತಪ್ಪದೆ ಹೋಗಿ. ಹಿಂದಿನ ನಡಾವಳಿಯನ್ನು ಓದಿ ಹೇಳಿ ಎಂದು ಕೇಳಿ. ಓದುವುದು ಕನ್ನಡದಲ್ಲಿರಲಿ ಎಂದೂ ಹೇಳಿ.