ಸಣ್ಣ ಫಿಲ್ಮಿನ ಮೇಲೆ ಸ್ಟೀರಿಯೋ ಧ್ವನಿ: ಯಾವುದನ್ನು ಅಳಿಸಬಹುದು?

ಸಿನಿಮಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಥಿಯೇಟರಿನ ದೊಡ್ಡ ತೆರೆ. ಆದರೆ ಯುರೋಪು, ಅಮೆರಿಕ, ಜಪಾನುಗಳಲ್ಲಿ ಮನೆಯ ನಡುಕೋಣೆಯಲ್ಲೇ ಪ್ರೊಜೆಕ್ಟರು ಇಟ್ಟುಕೊಂಡು, ಎಂಟು ಮಿಲಿಮೀಟರು ಅಗಲದ ಸಣ್ಣ ಫಿಲ್ಮನ್ನು ಓಡಿಸಿ ಚಿತ್ರ ನೋಡುವ ಪದ್ಧತಿಯೊಂದು ಬಹುಕಾಲ ನಡೆಯಿತು. ಈಗಲೂ ಅದನ್ನು ಬಿಡದ ಹವ್ಯಾಸಿಗಳಿದ್ದಾರೆ. ಇವರಲ್ಲಿ ಕೆಲವರು ಹಳೆಯ ಫಿಲ್ಮಿನ ಮೇಲಿರುವ ಧ್ವನಿಯನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದಾಗಿ ಸ್ಟೀರಿಯೋ ಧ್ವನಿಯನ್ನು ಮುದ್ರಿಸುತ್ತಾರೆ. ಇದು ಕೆಲಸವಿಲ್ಲದವರ ಕೆಲಸ ಎಂದು ನಗುವವರುಂಟು. ನಾನು ನಗುವವರ ಗುಂಪಿಗೆ ಸೇರಿದವನಲ್ಲ. ಹಾಗೆಂದು ಹವ್ಯಾಸಿಗಳು ಮಾಡುವುದನ್ನೆಲ್ಲ ಒಪ್ಪುವವನೂ ಅಲ್ಲ.

ಮೊದಲು ವಸ್ತುಸ್ಥಿತಿಯನ್ನು ಹೇಳಬೇಕು. ಕೊಡಾಕ್ ಕಂಪೆನಿಯವರು ೧೯೬೫ರಲ್ಲಿ ಸೂಪರ್ ಎಂಟು ಎಂಬ ಫಿಲ್ಮನ್ನು ಹೊರತಂದರು. ಇದರ ಒಂದು ಅಂಚಿನಲ್ಲಿ, ಒಂದು ಮಿಲಿಮೀಟರಿಗಿಂತಲೂ ಕಡಮೆ ಅಗಲದ ಕಾಂತಪಟ್ಟೆಯನ್ನು ಅಂಟಿಸಬಹುದು. ಟೇಪಿನ ಮೇಲಿರುವ ಕಂದು ಲೇಪವೇ ಇದು. ಒಂದೇ ಅಂಚಿಗೆ ಪಟ್ಟೆ ಅಂಟಿಸಿದರೆ ಆ ಮಗ್ಗುಲು ದಪ್ಪವಾಗಿ, ಸುರುಳಿ ಓರೆಯಾಗಿ ಸುತ್ತಿಕೊಳ್ಳುತ್ತದೆ. ಆದುದರಿಂದ ರಂಧ್ರಗಳಿರುವ ಇನ್ನೊಂದು ಅಂಚಿಗೂ ಕಿರಿದಾದ ಒಂದು ಪಟ್ಟೆಯನ್ನು ಸಮತೋಲಕ್ಕೆಂದು ಹಚ್ಚಿದರು. ಗಾಡಿಯ ಒಂದು ಕಡೆ ಮೂಟೆಯಿಟ್ಟು ಮತ್ತೊಂದು ಕಡೆ ಕಲ್ಲಿಟ್ಟ ಹಾಗೆ! ಆ ಕಲ್ಲೂ ಮೂಟೆಯ ಕೆಲಸವನ್ನೇ ಮಾಡಬಲ್ಲದು ಎಂಬುದು ಆಮೇಲೆ ಹೊಳೆಯಿತು. ಸಮತೋಲದ ಪಟ್ಟೆಯ ಮೇಲೆ ಎರಡನೆಯ ಧ್ವನಿಯನ್ನು ಮುದ್ರಿಸಿದರೆ ಅದೇ ಸ್ಟೀರಿಯೋ. ಜಪಾನಿನ ಎಲ್ಮೋ, ಆಸ್ಟ್ರಿಯದ ಯೂಮಿಗ್, ಜರ್ಮನಿಯ ಬಾವರ್, ಫ್ರಾನ್ಸಿನ ಬ್ಯೂಲ್ಯೂ ಕಂಪೆನಿಗಳು ಇದಕ್ಕೆ ತಕ್ಕ ಪ್ರೊಜೆಕ್ಟರುಗಳನ್ನು ಮಾಡಿದವು. ಈಗ ಹೊಸದು ಸಿಕ್ಕುವುದಿಲ್ಲ. ಇರುವುದನ್ನೇ ರಿಪೇರಿ ಮಾಡಿಕೊಂಡು ಓಡಿಸಬೇಕು.

ಈ ಫಿಲ್ಮು ಸೆಕೆಂಡಿಗೆ ೨೪ ಚಿತ್ರಗಳಂತೆ ಓಡುವಾಗ ಕಾಂತಪಟ್ಟೆ ಸೆಕೆಂಡಿಗೆ ನಾಲ್ಕು ಅಂಗುಲ ಸಾಗುತ್ತದೆ. ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ಟಿನ ಟೇಪು ಸಾಗುತ್ತಿದ್ದುದು ಅದರ ಅರ್ಧಕ್ಕಿಂತಲೂ ಕಡಮೆ ವೇಗದಲ್ಲಿ. ಆದ್ದರಿಂದ ಇಷ್ಟು ಸಣ್ಣ ಫಿಲ್ಮಿನಲ್ಲಿ ಎಂಥ ಧ್ವನಿ ಬಂದೀತು ಎಂದು ಮೂಗು ಮುರಿಯಬೇಕಾಗಿಲ್ಲ. ಸಮತೋಲದ ಪಟ್ಟೆ ಕಿರಿದಾದ್ದರಿಂದ ಆ ಕಡೆ ಸ್ವಲ್ಪ ಹೆಚ್ಚು ಸುಯ್ಗುಡುತ್ತದೆ, ನಿಜ. ಅಷ್ಟನ್ನು ಕ್ಷಮಿಸಬಹುದು.

ಕಷ್ಟವಿರುವುದು ತುಟಿಗೂ ಮಾತಿಗೂ ಹೊಂದಿಸುವುದರಲ್ಲಿ. ಚಿತ್ರ ತೆರೆಯ ಮೇಲೆ ಬೀಳಬೇಕಾದರೆ ಫಿಲ್ಮು ಗೇಟಿನಲ್ಲಿ ಕ್ಷಣಕ್ಷಣಕ್ಕೂ ನಿಂತು ನಿಂತು ಸಾಗಬೇಕು. ಧ್ವನಿ ಬರಬೇಕಾದರೆ ಎಲ್ಲಿಯೂ ನಿಲ್ಲದೆ ಒಂದೇ ಸಮನೆ ಹರಿಯಬೇಕು. ಇವೆರಡೂ ಒಂದೇ ಜಾಗದಲ್ಲಿ ಆಗುವ ಮಾತಲ್ಲ. ಅದಕ್ಕೋಸ್ಕರ ಧ್ವನಿಯ ಹೆಡ್ಡನ್ನು ದೂರವಿಟ್ಟು, ಒಂದೊಂದು ಚಿತ್ರದ ಧ್ವನಿಯನ್ನೂ ೧೮ ಚಿತ್ರಗಳಷ್ಟು ಮುಂದೆ ಮುದ್ರಿಸುತ್ತಾರೆ. ಇದನ್ನು ಯಂತ್ರವೇ ನೋಡಿಕೊಳ್ಳುತ್ತದೆನ್ನಿ. ಯಂತ್ರ ನೋಡಿಕೊಳ್ಳದ ಸಂಗತಿಯೆಂದರೆ ವೇಗ. ಹವ್ಯಾಸಿಗಳು ಹೊಸ ಧ್ವನಿಯನ್ನು ಸಾಮಾನ್ಯವಾಗಿ ಡಿವಿಡಿಯಿಂದ ತೆಗೆದುಕೊಳ್ಳುತ್ತಾರೆ. ಯುರೋಪಿನ ಡಿವಿಡಿಯಲ್ಲಿ ಚಿತ್ರ ಸೆಕೆಂಡಿಗೆ ೨೪ರ ಬದಲು ೨೫ರಂತೆ ಓಡುವುದರಿಂದ ನೂರು ನಿಮಿಷದ ಚಿತ್ರ ೯೬ ನಿಮಿಷಕ್ಕೇ ಮುಗಿದುಹೋಗುತ್ತದೆ. ಜೊತೆಗೆ ಶ್ರುತಿಯೂ ಏರುತ್ತದೆ. ಸಂಗೀತ ಬಲ್ಲ ಕಿವಿಗೆ ಇದು ಒಡನೆಯೇ ಚುಚ್ಚುತ್ತದೆ. ಅಮೆರಿಕದ ಡಿವಿಡಿಯಲ್ಲಿ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು ಮಾತ್ರ. ಇದೇನು ಮಹಾ ಎನ್ನುವವರು ಲೆಕ್ಕ ಹಾಕಿ ನೋಡಲಿ: ೪೦೦ ಅಡಿಯ ಸುರುಳಿ ೨೦ ನಿಮಿಷ ಓಡುತ್ತದೆ, ಅದರ ಕೊನೆಯ ಹೊತ್ತಿಗೆ ಮಾತಿಗೂ ತುಟಿಗೂ ಒಂದು ಸೆಕೆಂಡಿಗಿಂತ ಹೆಚ್ಚಿನ ಅಂತರ ಬಿದ್ದಿರುತ್ತದೆ. ಹೊಡೆತ ಬಿದ್ದ ಮೇಲೆ ಸದ್ದು ಕೇಳಿದರೆ ದುಃಖದ ದೃಶ್ಯವೂ ನಗೆಪಾಟಲಾಗುತ್ತದೆ.

ಇದರ ಮೇಲೆ ಪ್ರೊಜೆಕ್ಟರಿನ ಮೋಟಾರು ತನ್ನ ಮನಸ್ಸಿಗೆ ಬಂದಂತೆ ಹಿಂದೆ ಮುಂದೆ ಆಗುತ್ತಿರುತ್ತದೆ. ಕೆಲವರು ಪ್ರತಿ ಚಿತ್ರಕ್ಕೊಂದರಂತೆ ವಿದ್ಯುತ್ತಿನ ಮಿಡಿತವನ್ನು ಯಂತ್ರದಿಂದ ಪಡೆದು, ಅದಕ್ಕೆ ಧ್ವನಿಯನ್ನು ಕಟ್ಟಿಹಾಕುತ್ತಾರೆ. ಹಳಬರು ಗುಂಡಿಯ ಮೇಲೆ ಬೆರಳಿಟ್ಟು, ತೆರೆಯನ್ನೇ ನೋಡುತ್ತ, ಕೈಯಳತೆಯಲ್ಲಿ ಸರಿದೂಗಿಸುತ್ತಾರೆ. ಮನೆಗೆ ಮಾರುತ್ತಿದ್ದ ಫಿಲ್ಮುಗಳು ಬಹುಪಾಲು ಪೂರ್ಣ ಚಿತ್ರಗಳಲ್ಲ, ಕತ್ತರಿಸಿ ಚಿಕ್ಕದು ಮಾಡಿದವು. ಎಲ್ಲೆಲ್ಲಿ ಕತ್ತರಿ ಬಿದ್ದಿದೆಯೋ ಅಲ್ಲಲ್ಲಿ ಹೊಸ ಧ್ವನಿಯನ್ನೂ ಕತ್ತರಿಸಿ, ಸಂಗೀತದ ತುದಿಗಳನ್ನು ಜೋಡಿಸಬೇಕು. ಇಪ್ಪತ್ತು ನಿಮಿಷದ ಸುರುಳಿಗೆ ಎಷ್ಟು ಸಂಜೆಗಳು ಬೇಕಾದಾವು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಷ್ಟು ಶ್ರಮ ಸಾರ್ಥಕವೇ? ಸಾರ್ಥಕವೆಂದೇ ನನ್ನ ಮತ. ೧೯೫೩ರಲ್ಲಿ ಸಿನಿಮಾಸ್ಕೋಪಿನ ಮೊದಲ ಚಿತ್ರ ‘ದಿ ರೋಬ್’ ನಾಲ್ಕು ಕಾಂತಪಟ್ಟೆಗಳ ಧ್ವನಿಯೊಡನೆ ಥಿಯೇಟರಿಗೆ ಬಂತು. ೧೯೭೭ರಲ್ಲಿ ‘ಸ್ಟಾರ್ ವಾರ್ಸ್’ ಡಾಲ್ಬಿ ಸ್ಟೀರಿಯೋದಲ್ಲಿ ಬಂತು. ಆದರೆ ಆಗ ಅದರದೊಂದು ಚಿಕ್ಕ ತುಂಡನ್ನು ಮನೆಯ ಫಿಲ್ಮಾಗಿ ಮಾರಿದಾಗ ಅದಕ್ಕಿದ್ದದ್ದು ಒಂದೇ ಧ್ವನಿ. ಅಂಥದಕ್ಕೆ ಸ್ಟೀರಿಯೋ ಮುದ್ರಿಸುವುದೆಂದರೆ ಕಸಿದುಕೊಂಡಿದ್ದನ್ನು ಹಿಂದಿರುಗಿಸಿದಂತೆಯೇ ಸರಿ. ಅಳಿಸಿಹೋಗುವ ಒಂಟಿ ಧ್ವನಿ ಅಂಥ ಬೇರೆ ಪ್ರತಿಗಳಲ್ಲಿ ಇದ್ದೇ ಇದೆ, ಲೋಕಕ್ಕೆ ನಷ್ಟವಿಲ್ಲ. ಚಾಪ್ಲಿನ್ನನ ೧೯೩೧ರ ‘ಸಿಟಿ ಲೈಟ್ಸ್’ನಂಥ ಚಿತ್ರದ ಸಂಗೀತವನ್ನು ಎಡಕ್ಕರ್ಧ ಬಲಕ್ಕರ್ಧ ಹಂಚಿ ಸ್ಟೀರಿಯೋ ಮಾಡುವುದು ಮಾತ್ರ ನನಗೆ ಸೇರದು. ಅದು ಹುಟ್ಟಿದ್ದೇ ಒಂದು ದನಿಯಾಗಿ.

ಆದರೆ ಎಲ್ಲ ಫಿಲ್ಮೂ ಅಂಗಡಿಯಲ್ಲಿ ಕೊಂಡದ್ದಲ್ಲ. ನನ್ನ ತಕರಾರು ಇಲ್ಲಿಂದ ಮೊದಲಾಗುತ್ತದೆ. ೧೯೭೩ರಲ್ಲಿ ಕೊಡಾಕಿನವರು ಧ್ವನಿಯನ್ನೂ ಒಟ್ಟಿಗೇ ಹಿಡಿಯುವ ಸೂಪರ್ ಎಂಟು ಫಿಲ್ಮನ್ನು ತಂದರು. ವಿಡಿಯೋ ಬಂದು ತಳ್ಳುವವರೆಗೆ ಎಷ್ಟೋ ಸಂಸಾರಗಳು ಮಗುವಿನ ತೊದಲನ್ನು, ಮದುವೆಯ ಗದ್ದಲವನ್ನು, ಮುದುಕರ ಕೆಮ್ಮನ್ನು ಅದರ ಮೇಲೆ ಹಿಡಿದಿಟ್ಟವು. ಐವತ್ತಡಿಯ ಸುರುಳಿ, ಸೆಕೆಂಡಿಗೆ ೧೮ ಚಿತ್ರಗಳಂತೆ ಓಡಿಸಿದರೆ ೩ ನಿಮಿಷ ೨೦ ಸೆಕೆಂಡು. ಅದಕ್ಕೆ ನೆಗೆಟಿವ್ ಇಲ್ಲ, ಎರಡನೆಯ ಪ್ರತಿಯಿಲ್ಲ. ಕ್ಯಾಮೆರಾದಲ್ಲಿದ್ದ ಫಿಲ್ಮೇ ತೆರೆಯ ಮುಂದೆ ಓಡುವ ಫಿಲ್ಮು. ಇಂಥದಕ್ಕೂ ಇಂಪಾದ ಸ್ಟೀರಿಯೋ ಸಂಗೀತವನ್ನು ಹೊದಿಸುವ ಆಸೆ ಹುಟ್ಟುವುದುಂಟು. ಗುಂಡಿ ಒತ್ತಿದರೆ ಫಿಲ್ಮು ಮೊದಲು ಅಳಿಸುವ ಹೆಡ್ಡಿನ ಮುಂದೆ ಹಾಯುತ್ತದೆ, ಆಮೇಲೆ ಬರೆಯುವ ಹೆಡ್ಡಿನ ಮುಂದೆ. ಒಮ್ಮೆ ಹಾಯ್ದಮೇಲೆ ಹಳೆಯ ದನಿಯನ್ನು ಯಾವ ವಿಜ್ಞಾನಿಯೂ ಮರಳಿ ತಂದುಕೊಡಲಾರ. ಹಳೆಯ ಧ್ವನಿಯ ಮೇಲೆ ಹೊಸದನ್ನು ಬೆರೆಸುವ ಉಪಾಯವೂ ಕೆಲವು ಯಂತ್ರಗಳಲ್ಲಿದೆ. ಆದರೆ ಅದೂ ನಿರಪಾಯವಲ್ಲ. ಹಳೆಯದು ಮಾಸಿಯೇ ಮಾಸುತ್ತದೆ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಅಜ್ಜಿ ಹೇಳಿದ ಸೋಬಾನೆಪದದ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿದ ಮನೆಗಳು ನಮ್ಮಲ್ಲಿ ಕಡಮೆಯಿಲ್ಲ. ಆಗಲೂ ಹೇಳಿದ ಕಾರಣ ಒಂದೇ: “ಅದರಲ್ಲೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ.” ಕ್ಯಾಮೆರಾದ ಗಿರಗಿರ ಸದ್ದಿನ ನಡುವೆ ಸಿಕ್ಕಿಕೊಂಡ ಅರ್ಧಂಬರ್ಧ ಮಾತು ಇಂಪಲ್ಲ ಎಂಬುದು ನನಗೂ ಗೊತ್ತು. ಸಂಗೀತವಾದರೋ ಎಲ್ಲಿ ಬೇಕಾದರೂ ಸಿಕ್ಕುತ್ತದೆ. ಹೆಸರು ಹಿಡಿದು ಕೂಗಿದ ತಂದೆಯ ದನಿ ಆ ಕಂದು ಗೆರೆಯೊಂದರಲ್ಲಿ ಮಾತ್ರ ಇದೆ.

ಹಾಗಾದರೆ ಮನೆಯ ಫಿಲ್ಮಿಗೆ ಸಂಗೀತವೇ ಕೂಡದೆ? ಕೂಡದೆಂದು ನಾನು ಹೇಳುತ್ತಿಲ್ಲ. ಎರಡನೆಯ ಪಟ್ಟೆ ಇರುವುದು ಮತ್ತೇತಕ್ಕೆ? ಮುಖ್ಯ ಪಟ್ಟೆಯನ್ನು ಮುಟ್ಟದೆ, ಸಮತೋಲದ ಪಟ್ಟೆಯೊಂದರ ಮೇಲೆಯೇ ಮುದ್ರಿಸಲು ಸ್ಟೀರಿಯೋ ಪ್ರೊಜೆಕ್ಟರುಗಳಲ್ಲಿ ಹಲವು ಅವಕಾಶ ಕೊಡುತ್ತವೆ. ಆಗ ಒಂದು ಕಡೆಯಿಂದ ಸಂಸಾರದ ಮಾತು, ಮತ್ತೊಂದು ಕಡೆಯಿಂದ ಸಂಗೀತ ಬರುತ್ತದೆ. ಶುದ್ಧ ಸ್ಟೀರಿಯೋ ಅಲ್ಲವೆಂದು ಶಾಸ್ತ್ರಜ್ಞರು ಹುಬ್ಬು ಗಂಟಿಕ್ಕಬಹುದು. ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ ಆ ಆಕ್ಷೇಪಣೆಯೂ ಉಳಿಯದು. ಎರಡು ಪಟ್ಟೆಯಲ್ಲೂ ಸಂಗೀತವೇ ಬೇಕೆಂದು ಹಟ ಹಿಡಿಯುವವರು, ಗುಂಡಿ ಒತ್ತುವ ಮೊದಲು ಇರುವ ದನಿಯನ್ನು ಬೇರೊಂದು ಕಡೆಗೆ ಇಳಿಸಿಟ್ಟುಕೊಳ್ಳಲಿ. ಪ್ರೊಜೆಕ್ಟರಿನಿಂದ ಒಂದು ತಂತಿ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದರೆ ಆಯಿತು. ಅದಕ್ಕೆ ಹಿಡಿಯುವ ಹೊತ್ತು ಸುರುಳಿಯೊಂದಕ್ಕೆ ೩ ನಿಮಿಷ ೨೦ ಸೆಕೆಂಡು.